ಗುಡುಗು ತಡವಾಗಿ ಕೇಳಿಸಿತು

2006ನೆಯ ಇಸವಿಯಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ‘ನೌ-ಅಗೇನ್’ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆಯು ಎರಡು ಸಿ.ಡಿ.ಗಳ ಆಲ್ಬಮೊಂದನ್ನು ಹೊರತಂದಿತು. ‘ಟೆಕ್ಸಸ್ ಥಂಡರ್ ಸೋಲ್, 1968–1974’ ಎಂಬುದು ಅದರ ಹೆಸರು. ಸಂಗೀತದ ಅಂಗಡಿಗಳಲ್ಲಿ ಅದನ್ನು ಕೊಂಡು ಕೇಳಿದವರು ಪಳಗಿದ ವೃತ್ತಿಪರ ವಾದ್ಯವೃಂದವೊಂದನ್ನು ಕೇಳುತ್ತಿದ್ದೇವೆ ಎಂದೇ ಭಾವಿಸುವಂತಿತ್ತು. ನುಡಿಸಿದವರು ಮಾತ್ರ ಹೈಸ್ಕೂಲಿನ ಮಕ್ಕಳು. ನುಡಿಸಿದಾಗ ಅವರ ವಯಸ್ಸು ಹದಿನೈದರಿಂದ ಹದಿನೆಂಟು. ದೇಶವಿಡೀ ದೊರೆಯುವಂತಹ ಆಲ್ಬಮಿನ ಮೇಲೆ ಅವರ ತಂಡದ ಹೆಸರು ಅಚ್ಚಾಗಿ ಬಂದಾಗ ಅವರಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನಲ್ಲಿದ್ದರು. ನಡುವೆ ಕಳೆದುಹೋದುದು ಮೂರು ದಶಕಗಳಿಗೂ ಮಿಗಿಲಾದ ಕಾಲ.

ಈ ತಂಡದ ಹೆಸರು ಕ್ಯಾಶ್ಮೀರ್ ಸ್ಟೇಜ್ ಬ್ಯಾಂಡ್. ಹೆಸರನ್ನು ಕೇಳಿದ ಕೂಡಲೆ ಹಿಮಾಲಯದ ತಪ್ಪಲು ಕಣ್ಣಮುಂದೆ ಬರಬಹುದು. ಆದರೆ ಇದು ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದ ಈಶಾನ್ಯ ಭಾಗದಲ್ಲಿರುವ ಕ್ಯಾಶ್ಮೀರ್ ಗಾರ್ಡನ್ಸ್ ಎಂಬ ಬಡಾವಣೆ. ದುಡಿದು ತಿನ್ನುವ ಆಫ್ರಿಕನ್ ಅಮೆರಿಕನ್ ಕುಟುಂಬಗಳೇ ಬಹುಸಂಖ್ಯೆಯಲ್ಲಿ ನೆಲೆಸಿದ ಜಾಗ. ಅಲ್ಲಿನ ಹೈಸ್ಕೂಲು ಆರಂಭವಾದದ್ದು 1957ರಲ್ಲಿ. ಬಿಳಿಯ ಮಕ್ಕಳಿಗೂ ಕರಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿಯೇ ತೀರ್ಪು ನೀಡಿತ್ತಾದರೂ ದಕ್ಷಿಣದ ರಾಜ್ಯಗಳಲ್ಲಿ ಅದು ಕಾಗದದಿಂದ ಕೆಳಗಿಳಿಯಲು ಬಹಳ ಕಾಲ ಹಿಡಿಯಿತು. ಕಲಿಕೆ ಮಾತ್ರವಲ್ಲ, ಸ್ಪರ್ಧೆಗಳೂ ಬೇರೆಯಾಗಿದ್ದವು. ಟೆಕ್ಸಸ್‌ನಲ್ಲಿ ಕರಿಯ ಮಕ್ಕಳ ಶಾಲೆಗಳ ಆಟೋಟ, ಸಂಗೀತ, ಭಾಷಣ ಮೊದಲಾದವುಗಳ ಸ್ಪರ್ಧೆಗಳಿಗೆ ಪ್ರತ್ಯೇಕ ಸಂಘಟನೆಯಿತ್ತು. ಅದು ಬಿಳಿಯರ ಶಾಲೆಗಳ ಸಂಘಟನೆಯೊಳಗೆ ಪೂರ್ತಿಯಾಗಿ ವಿಲೀನವಾಗುವಾಗ 1970 ಬಂದಿತ್ತು. ಕ್ಯಾಶ್ಮೀರ್ ಶಾಲೆಯ ಮಕ್ಕಳು ತುತ್ತೂರಿ ಹಿಡಿದು ವೇದಿಕೆ ಹತ್ತಿದ್ದು ಸರಿಯಾಗಿ ಈ ಸಂಧಿಕಾಲದಲ್ಲಿ.

ಅವರನ್ನು ವೇದಿಕೆಗೆ ಹತ್ತಿಸಿದವರು ಕಾನ್ರಾಡ್ ಜಾನ್ಸನ್ ಎಂಬ ಸಂಗೀತದ ಅಧ್ಯಾಪಕರು. ಮಕ್ಕಳ ಬಾಯಲ್ಲಿ ಅವರು ‘ಪ್ರೊಫ್’. ಪ್ರೊಫೆಸರ್ ಎಂಬುದರ ಸಲಿಗೆಯ ರೂಪ. 1915ರಲ್ಲಿ ಟೆಕ್ಸಸ್‌ನ ವಿಕ್ಟೋರಿಯಾ ಎಂಬ ಊರಿನಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ಹ್ಯೂಸ್ಟನ್‌ಗೆ ಬಂದು, ವೈಲಿ ಕಾಲೇಜಿನಲ್ಲಿ ಪದವಿ ಪಡೆದವರು. ಸ್ವತಃ ಒಳ್ಳೆಯ ಸ್ಯಾಕ್ಸೊಫೋನ್ ವಾದಕರು. ನಗರದಲ್ಲಿ ತಮ್ಮದೇ ಆದ ಸಣ್ಣ ತಂಡವನ್ನೂ ಕಟ್ಟಿ ನಡೆಸಿದ್ದವರು. ಜಾಝ್ ಸಂಗೀತವು ಉಚ್ಛ್ರಾಯದಲ್ಲಿದ್ದ ಕಾಲ ಅದು. ಅಂತಹ ವಾದಕನೊಬ್ಬ ಊರೂರು ತಿರುಗಿ ಹೆಸರು ಮಾಡಲು ಹೊರಡುವುದು ಸಹಜವಾಗಿತ್ತು. ಜಾನ್ಸನ್ ಸಂಸಾರವನ್ನೂ ಶಾಲೆಯನ್ನೂ ಆರಿಸಿಕೊಂಡರು. 37 ವರ್ಷಗಳ ಕಾಲ ಸಂಗೀತ ಪಾಠ ಹೇಳಿ 1978ರಲ್ಲಿ ನಿವೃತ್ತರಾದರು.

ಕ್ಯಾಶ್ಮೀರ್ ಶಾಲೆಯಲ್ಲಿ ಅವರಿಗೆ ದೊರೆತದ್ದು ಇತರ ಅಮೆರಿಕನ್ ಹೈಸ್ಕೂಲುಗಳಲ್ಲಿ ಇರುವಂತಹ ತಂಡವೇ. ಫುಟ್‌ಬಾಲ್ ಪಂದ್ಯದ ಬಿಡುವಿನಲ್ಲಿ ಮೈದಾನದ ಸುತ್ತ ಹೆಜ್ಜೆ ಹಾಕುವ ಕವಾಯತಿನ ಬ್ಯಾಂಡ್ ಒಂದು. ಅದರಿಂದ ಆಯ್ದ ಮಕ್ಕಳನ್ನು ಸೇರಿಸಿ ವೇದಿಕೆಯ ಮೇಲೆ ಕುಳಿತು ನುಡಿಸುವ ‘ಸ್ಟೇಜ್ ಬ್ಯಾಂಡ್’ ಇನ್ನೊಂದು. ಈ ‘ಸ್ಟೇಜ್ ಬ್ಯಾಂಡ್’ ಎಂಬ ಮಾತಿನ ಹಿಂದೆಯೇ ಒಂದು ಸಣ್ಣ ಕಪಟವಿದೆ. ನುಡಿಸುತ್ತಿದ್ದುದು ಜಾಝ್, ಆದರೆ ಜಾಝ್ ಎಂದರೆ ರಾತ್ರಿಕ್ಲಬ್ಬು, ಮದ್ಯ, ಕೆಟ್ಟ ಸಹವಾಸ ಎಂಬ ಭಾವನೆ ಶಾಲೆಗಳ ಆಡಳಿತಗಾರರಲ್ಲಿ ಬೇರೂರಿದ್ದುದರಿಂದ, ಮರ್ಯಾದೆಗೆ ಕುಂದು ಬಾರದ ಹೆಸರೊಂದನ್ನು ಇಟ್ಟುಕೊಂಡರು. ಹೆಸರು ಬದಲಾದ ಮೇಲೆ ಸಂಗೀತಕ್ಕೆ ತರಗತಿಯ ಬಾಗಿಲು ತೆರೆಯಿತು. ಶಾಲೆಗಳ ವ್ಯವಹಾರದಲ್ಲಿ ಇಂತಹ ಉಪಾಯಗಳು ಎಲ್ಲ ದೇಶಗಳಲ್ಲಿಯೂ ಇವೆ.

ಹಾಗೆ ಒಳಗೆ ಬಂದ ಜಾಝ್ ಕೂಡ 1960ರ ದಶಕದ ಕೊನೆಗೆ ಮಕ್ಕಳ ಪಾಲಿಗೆ ಹಳತಾಗಿತ್ತು. ಅದು ಅವರ ಅಜ್ಜಂದಿರು ಕುಣಿದ ಸಂಗೀತ. ಮನೆಯ ರೇಡಿಯೋದಲ್ಲಿ, ಬೀದಿಯಲ್ಲಿ, ಗೆಳೆಯರ ಕೂಟದಲ್ಲಿ ಅವರು ಕೇಳುತ್ತಿದ್ದುದು ಜೇಮ್ಸ್ ಬ್ರೌನ್‌ನನ್ನು, ಓಟಿಸ್ ರೆಡ್ಡಿಂಗ್‌ನನ್ನು. 1967ರಲ್ಲಿ ಜಾನ್ಸನ್ ಓಟಿಸ್ ರೆಡ್ಡಿಂಗ್‌ನ ಕಾರ್ಯಕ್ರಮವೊಂದನ್ನು ನೋಡಿದರು. ಆ ಗಾಯಕನ ತಂಡ ನುಡಿಸುವುದರ ಜೊತೆಗೆ ಮೈಯನ್ನೂ ಆಡಿಸುತ್ತಿತ್ತು; ಸಭೆಯನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು. ರೆಡ್ಡಿಂಗ್ ಅದೇ ವರ್ಷದ ಡಿಸೆಂಬರಿನಲ್ಲಿ 26ನೆಯ ವಯಸ್ಸಿಗೇ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅಷ್ಟರೊಳಗೆ ಐವತ್ತು ದಾಟಿದ್ದ ಅಧ್ಯಾಪಕರ ತಲೆಯಲ್ಲಿ ಒಂದು ಯೋಚನೆ ಬಿತ್ತಾಗಿತ್ತು: ಶಾಲೆಯ ತಂಡ ಹೀಗೇಕೆ ನುಡಿಸಬಾರದು?

ಇಲ್ಲಿ ‘ಫಂಕ್’ ಎಂಬ ಸಂಗೀತದ ಬಗೆಗೆ ಎರಡು ಮಾತು ಹೇಳಬೇಕು. ಆ ಶಬ್ದದ ಹಳೆಯ ಅರ್ಥಗಳಲ್ಲೊಂದು ದುರ್ಗಂಧ, ಬೆವರಿನ ನಾತ. ಹೆತ್ತವರು ಮಕ್ಕಳ ನಾಲಗೆಯ ಮೇಲೆ ಇರಗೊಡದ ಶಬ್ದವನ್ನೇ ಕರಿಯ ಸಂಗೀತಗಾರರು ಹೆಮ್ಮೆಯಿಂದ ಎತ್ತಿಕೊಂಡರು. 1960ರ ದಶಕದ ನಡುವಿನಿಂದ ಜೇಮ್ಸ್ ಬ್ರೌನ್ ತನ್ನ ತಂಡದಲ್ಲಿ ಒಂದು ಬದಲಾವಣೆ ತಂದ. ಅದುವರೆಗೆ ಅಮೆರಿಕದ ಜನಪ್ರಿಯ ಸಂಗೀತದಲ್ಲಿ ನಾಲ್ಕು ಎಣಿಕೆಗಳ ತಾಳದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಒತ್ತು ಬೀಳುವುದು ರೂಢಿ. ಬ್ರೌನ್ ಒತ್ತನ್ನು ಮೊದಲನೆಯ ಎಣಿಕೆಗೆ ತಂದು ನಿಲ್ಲಿಸಿದ. ತಾಳ ತಿಳಿದವರಿಗೆ ಇದು ‘ಸಮ’ ಎಂದರೆ ಬೇಗ ಅರ್ಥವಾದೀತು. ಎಲ್ಲ ವಾದ್ಯಗಳೂ ಆ ಒಂದು ಬಿಂದುವಿನಲ್ಲಿ ಕೂಡುತ್ತವೆ. ಉಳಿದ ಎಡೆಯಲ್ಲಿ ತಮ್ಮ ತಮ್ಮ ದಾರಿಯಲ್ಲಿ ಓಡಾಡಿ, ಒಂದು ಬಿಟ್ಟ ಜಾಗವನ್ನು ಇನ್ನೊಂದು ತುಂಬುತ್ತ, ಮತ್ತೆ ಬಂದು ಅಲ್ಲಿಯೇ ಸೇರುತ್ತವೆ. ಗಿಟಾರು, ತುತ್ತೂರಿ, ಸ್ಯಾಕ್ಸೊಫೋನು ಎಲ್ಲವೂ ಅಲ್ಲಿ ಚೆಂಡೆ ಮದ್ದಳೆಗಳ ಕೆಲಸ ಮಾಡುತ್ತವೆ. ಸ್ವರ ತಪ್ಪಿದರೂ ಕ್ಷಮೆಯುಂಟು, ಕಾಲ ತಪ್ಪಿದರೆ ಇಲ್ಲ.

ಐದಾರು ಜನ ಹೀಗೆ ನುಡಿಸುವುದು ಒಂದು ಮಾತು. ಇಪ್ಪತ್ತು ಮಕ್ಕಳು, ಅವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಊದುವ ವಾದ್ಯದವರು, ಒಂದೇ ಉಸಿರಿನಲ್ಲಿ ಎದ್ದು ಒಂದೇ ಕ್ಷಣದಲ್ಲಿ ನಿಲ್ಲುವುದು ಬೇರೆಯೇ ಮಾತು. ಜಾನ್ಸನ್ನರ ಹಿರಿಮೆ ಇರುವುದು ಇಲ್ಲಿ. ಮಕ್ಕಳಿಗೆ ಇಷ್ಟವಾದುದನ್ನು ಶಾಲೆಯೊಳಗೆ ಬಿಟ್ಟುಕೊಂಡ ಅಧ್ಯಾಪಕರು ಬೇರೆಯೂ ಇದ್ದಿರಬಹುದು; ವಾರ್ಷಿಕೋತ್ಸವದ ದಿನ ಒಂದು ಸಿನಿಮಾ ಹಾಡಿಗೆ ಕುಣಿಯಲು ಅನುಮತಿ ಕೊಟ್ಟರೆ ಅಷ್ಟು ಆಯಿತು. ಅವರು ಹಾಗೆ ಕೈತೊಳೆದುಕೊಳ್ಳಲಿಲ್ಲ. ಬೀದಿಯ ಸಂಗೀತವನ್ನು ಪಾಠವಾಗಿ ತೆಗೆದುಕೊಂಡು, ಸ್ವರಲಿಪಿಯಲ್ಲಿ ಬರೆದು, ಒಂದೊಂದು ವಾದ್ಯಕ್ಕೂ ಅದರ ಪಾಲನ್ನು ಹಂಚಿ, ಜಾಝ್ ವೃಂದದ ಶಿಸ್ತಿಗೆ ಅದನ್ನು ಒಳಪಡಿಸಿದರು. ಮಕ್ಕಳು ಲಿಪಿ ಓದಲು ಕಲಿಯಲೇಬೇಕಿತ್ತು. ಮನೆಯಲ್ಲಿ ಕೇಳಿದ ಸಂಗೀತವೇ ಶಾಲೆಯಲ್ಲಿ ಕಠಿಣ ವಿದ್ಯೆಯಾಗಿ ಎದುರಿಗೆ ನಿಂತಾಗ ಮಕ್ಕಳು ಅದಕ್ಕೆ ಬೆವರು ಸುರಿಸಿದರು. ಜಾನ್ಸನ್ ಅನ್ಯರ ಕೃತಿಗಳನ್ನು ಮಾತ್ರ ನುಡಿಸಿ ತೃಪ್ತರಾಗಲಿಲ್ಲ; ಇಪ್ಪತ್ತಕ್ಕೂ ಹೆಚ್ಚು ಸ್ವಂತ ರಚನೆಗಳನ್ನು ಆ ತಂಡಕ್ಕಾಗಿಯೇ ಬರೆದರು. ‘ಕ್ಯಾಶ್ಮೀರ್’ ಎಂಬ ಹೆಸರಿನದೇ ಒಂದು ರಚನೆಯಿದೆ. ಬಡಾವಣೆಯ ಹೆಸರು, ಶಾಲೆಯ ಹೆಸರು, ಸಂಗೀತದ ಹೆಸರು ಮೂರೂ ಒಂದೇ.

ಆ ಕಾಲದ ಶಾಲಾ ಸ್ಪರ್ಧೆಗಳ ವೇದಿಕೆಯನ್ನು ಊಹಿಸಿಕೊಳ್ಳಲು ಶಾಲಾ ಕಲೋತ್ಸವವನ್ನು ಕಂಡ ಕಾಸರಗೋಡಿನ ಹೆತ್ತವರಿಗೆ ಕಷ್ಟವಾಗದು. ಸರದಿಗಾಗಿ ಕಾಯುವ ಮಕ್ಕಳು, ಗಡಿಯಾರ ನೋಡುವ ತೀರ್ಪುಗಾರರು, ಫಲಿತಾಂಶದ ಹೊತ್ತಿನ ಎದೆಬಡಿತ. ಅಲ್ಲಿಗೆ ಬರುತ್ತಿದ್ದ ತಂಡಗಳಲ್ಲಿ ಹೆಚ್ಚಿನವು ಅನುಕೂಲಸ್ಥ ಬಿಳಿಯರ ಬಡಾವಣೆಗಳ ಶಾಲೆಗಳವು. ಅವರು ಕೋಟು ಧರಿಸಿ, ಕುರ್ಚಿಯ ಮೇಲೆ ಕುಳಿತು, ಹಿಂದಿನ ತಲೆಮಾರಿನ ಜಾಝ್ ಕೃತಿಗಳನ್ನು ಅಚ್ಚುಕಟ್ಟಾಗಿ ನುಡಿಸಿ ಇಳಿಯುತ್ತಿದ್ದರು. ಅನಂತರ ಕ್ಯಾಶ್ಮೀರ್‌ನವರು ಬರುತ್ತಿದ್ದರು. ಎತ್ತರದ ಹಿಮ್ಮಡಿಯ ಬೂಟುಗಳು, ಒಂದೇ ಬಗೆಯ ಮಿರುಗುವ ಉಡುಪು, ತಲೆಯ ಸುತ್ತ ದುಂಡಗೆ ಬೆಳೆಸಿದ ಗುಂಗುರು ಕೂದಲು. ಊದುತ್ತಲೇ ಎಡಕ್ಕೂ ಬಲಕ್ಕೂ ಬಳುಕುವರು. ತುತ್ತೂರಿಗಳು ಒಮ್ಮೆಗೇ ಮೇಲೇಳುವವು, ಒಮ್ಮೆಗೇ ಇಳಿಯುವವು. ಇಷ್ಟೇ ಆಗಿದ್ದರೆ ತೀರ್ಪುಗಾರರು ಅದನ್ನು ತೋರಿಕೆಯೆಂದು ತಳ್ಳಿಹಾಕಬಹುದಿತ್ತು. ಕಣ್ಣು ಮುಚ್ಚಿ ಕೇಳಿದರೂ ತಾಳದಲ್ಲಿ ಕೂದಲೆಳೆಯ ಬಿರುಕು ಸಿಗುತ್ತಿರಲಿಲ್ಲ ಎಂಬುದೇ ಅವರನ್ನು ಸೋಲಿಸಿದ್ದು. 1969ರಿಂದ 1977ರ ನಡುವೆ ಈ ತಂಡವು ಭಾಗವಹಿಸಿದ 46 ಸ್ಪರ್ಧೆಗಳಲ್ಲಿ 42ನ್ನು ಗೆದ್ದಿತು. 1972ರಲ್ಲಿ ಅಲಬಾಮಾ ರಾಜ್ಯದ ಮೊಬೀಲ್ ನಗರದಲ್ಲಿ ನಡೆದ ಅಖಿಲ ಅಮೆರಿಕ ಹೈಸ್ಕೂಲು ಸ್ಟೇಜ್ ಬ್ಯಾಂಡ್ ಉತ್ಸವದಲ್ಲಿ ದೇಶದ ಅತ್ಯುತ್ತಮ ತಂಡವೆನಿಸಿತು. ಯೂರೋಪಿಗೂ ಜಪಾನಿಗೂ ಹೋಗಿ ನುಡಿಸಿ ಬಂದಿತು. ಕರಿಯ ಮಕ್ಕಳ ಶಾಲೆಗಳನ್ನು ಪ್ರತ್ಯೇಕ ಸ್ಪರ್ಧೆಯ ಬೇಲಿಯೊಳಗೆ ಇರಿಸಿದ್ದ ರಾಜ್ಯದಿಂದ, ಆ ಬೇಲಿ ಬಿದ್ದ ಎರಡೇ ವರ್ಷಗಳಲ್ಲಿ, ಹೋದ ತಂಡವಿದು.

ಗೆದ್ದ ಬಹುಮಾನಗಳ ಫಲಕಗಳು ಶಾಲೆಯ ಗಾಜಿನ ಕಪಾಟು ಸೇರುತ್ತವೆ. ಕೆಲವು ವರ್ಷಗಳ ಬಳಿಕ ಯಾವುದು ಯಾವುದರದ್ದೆಂದು ಹೇಳುವವರು ಇರುವುದಿಲ್ಲ. ಜಾನ್ಸನ್ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಕೆಲಸ ಮಾಡಿದರು. ಮಕ್ಕಳನ್ನು ಸ್ಟುಡಿಯೋಗೆ ಕರೆದೊಯ್ದು ಧ್ವನಿಮುದ್ರಣ ಮಾಡಿಸಿದರು. ಹೆಸರುವಾಸಿಯಾದ ಯಾವ ಕಂಪೆನಿಯೂ ಹಿಂದಿರಲಿಲ್ಲ. ಇದು ಸ್ವಂತ ಏರ್ಪಾಟು. 1978ರವರೆಗಿನ ಹತ್ತು ವರ್ಷಗಳ ಅವಧಿಯಲ್ಲಿ ಎಂಟು ಎಲ್.ಪಿ. ರೆಕಾರ್ಡುಗಳು ಹೀಗೆ ಹೊರಬಂದವು. ಸಣ್ಣ ಸಂಖ್ಯೆಯಲ್ಲಿ ಅಚ್ಚಾಗಿ, ತಂಡದ ಕಾರ್ಯಕ್ರಮಗಳಲ್ಲಿಯೂ ಮಕ್ಕಳ ಮನೆಯವರ, ನೆಂಟರಿಷ್ಟರ ನಡುವೆಯೂ ಅವು ಹಂಚಿಹೋದವು. 1974ರ ರೆಕಾರ್ಡಿನ ಹೆಸರು ಕನ್ನಡದಲ್ಲಿ ಹೇಳುವುದಾದರೆ ‘ಪೆಟ್ರೋಲು ಮುಗಿಯಿತು, ಆದರೂ ಉರಿಯುತ್ತಿದೆ’ ಎಂದಾಗುತ್ತದೆ. ಆ ಹಿಂದಿನ ಚಳಿಗಾಲದಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದುದರಿಂದ ಅಮೆರಿಕದ ಪೆಟ್ರೋಲು ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆದಿತ್ತು. ಹ್ಯೂಸ್ಟನ್ ತೈಲೋದ್ಯಮದ ರಾಜಧಾನಿ. ಆ ಊರಿನ ಶಾಲೆಯ ಮಕ್ಕಳು ಇಟ್ಟುಕೊಂಡ ಈ ಹೆಸರಿನಲ್ಲಿ ಹದಿಹರೆಯದ ಚೇಷ್ಟೆಯಿದೆ, ತಕ್ಕಮಟ್ಟಿನ ಗರ್ವವೂ ಇದೆ.

ಹೈಸ್ಕೂಲಿನ ತಂಡಕ್ಕೆ ಇನ್ನೊಂದು ಸಂಕಟವಿದೆ. ಬೇರೆ ವಾದ್ಯವೃಂದಗಳು ಹತ್ತಾರು ವರ್ಷ ಒಂದೇ ಜನರನ್ನು ಇಟ್ಟುಕೊಂಡು ಪಳಗುತ್ತವೆ. ಇಲ್ಲಿ ಪ್ರತಿ ಬೇಸಗೆಯಲ್ಲಿಯೂ ಚೆನ್ನಾಗಿ ಪಳಗಿದವರು ಪರೀಕ್ಷೆ ಮುಗಿಸಿ ಹೊರಟುಹೋಗುತ್ತಾರೆ; ಶರತ್ಕಾಲದಲ್ಲಿ ತುತ್ತೂರಿ ಹಿಡಿಯಲೂ ಸರಿಯಾಗಿ ಬಾರದ ಮಕ್ಕಳು ಬಂದು ಕೂರುತ್ತಾರೆ. 1968ರಲ್ಲಿ ನುಡಿಸಿದ ಒಬ್ಬನೂ 1974ರ ತಂಡದಲ್ಲಿ ಇರಲು ಸಾಧ್ಯವಿಲ್ಲ. ಆದರೂ ರೆಕಾರ್ಡುಗಳನ್ನು ಸಾಲಾಗಿ ಕೇಳಿದರೆ ನಾದ ಒಂದೇ. ಪ್ರತಿವರ್ಷವೂ ತಂಡ ಒಡೆಯುತ್ತಿತ್ತು, ಪ್ರತಿವರ್ಷವೂ ಜಾನ್ಸನ್ ಅದನ್ನು ಮೊದಲಿನಿಂದ ಕಟ್ಟುತ್ತಿದ್ದರು. ಅವರ ಬಗೆಗೆ ಬರೆದವರು 42 ಗೆಲುವುಗಳನ್ನು ಎತ್ತಿ ಹೇಳುತ್ತಾರೆ. ಹತ್ತು ವರ್ಷ ಹತ್ತು ತಂಡಗಳನ್ನು ಕಟ್ಟಿದ ಈ ದುಡಿಮೆ ಅದಕ್ಕಿಂತ ದೊಡ್ಡದು, ಆದರೆ ಅದಕ್ಕೆ ಯಾರೂ ಫಲಕ ಕೊಡುವುದಿಲ್ಲ.

1978ರಲ್ಲಿ ಅವರು ನಿವೃತ್ತರಾದ ಮೇಲೆ ಆ ವೈಭವ ಮುಂದುವರಿಯಲಿಲ್ಲ. ಮಕ್ಕಳು ಬೆಳೆದು ಸಂಸಾರವಂದಿಗರಾದರು. ಸಂಗೀತವನ್ನೇ ವೃತ್ತಿಯಾಗಿ ಹಿಡಿದವರು ಕೆಲವರು. ಹೆಚ್ಚಿನವರು ಬೇರೆ ಬೇರೆ ಉದ್ಯೋಗಗಳಿಗೆ ಹೋಗಿ ವಾದ್ಯದ ಪೆಟ್ಟಿಗೆಯನ್ನು ಮುಚ್ಚಿದರು. ಎಂಟು ಎಲ್.ಪಿ.ಗಳು ಮನೆಗಳ ಅಟ್ಟಗಳಲ್ಲಿಯೂ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಧೂಳು ತಿಂದವು. ಆ ಮಕ್ಕಳ ಸಂಗೀತ ಎಲ್ಲ ಅರ್ಥದಲ್ಲಿಯೂ ಮುಗಿದ ಕಥೆಯಾಗಿತ್ತು.

ಅದನ್ನು ಹೊರತೆಗೆದವರು ಅವರ ನಂತರದ ತಲೆಮಾರಿನ ಹುಡುಗರು. ಹಿಪ್-ಹಾಪ್ ಸಂಗೀತದವರಿಗೆ ಹಳೆಯ ರೆಕಾರ್ಡುಗಳೆಂದರೆ ಕಚ್ಚಾವಸ್ತು. ಹಳೆಯ ಫಂಕ್ ರೆಕಾರ್ಡಿನಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಸ್ ಒಂದೇ ಕೆಲವು ಕ್ಷಣ ನುಡಿಯುವ ತಾಣವಿದ್ದರೆ, ಅದನ್ನು ಕತ್ತರಿಸಿ ಮತ್ತೆ ಮತ್ತೆ ಜೋಡಿಸಿ ಅದರ ಮೇಲೆ ಹೊಸ ಹಾಡನ್ನು ಕಟ್ಟುತ್ತಾರೆ. ಯಾರೂ ಕೇಳಿರದ ರೆಕಾರ್ಡಿಗೆ ಬೆಲೆ ಹೆಚ್ಚು. ಹೀಗೆ ಹಳೆಯ ಸಾಮಾನಿನ ರಾಶಿಗಳನ್ನು ಕೆದಕುತ್ತಿದ್ದವರ ಕೈಗೆ ಹ್ಯೂಸ್ಟನ್‌ನ ಯಾವುದೋ ಶಾಲೆಯ ಬ್ಯಾಂಡಿನ ಎಲ್.ಪಿ.ಗಳು ಸಿಕ್ಕವು. ಶಾಲೆಯ ಬ್ಯಾಂಡೆಂದರೆ ಅಪಸ್ವರದ ಕವಾಯತು ಸಂಗೀತವಿರಬೇಕೆಂದು ಸೂಜಿಯಿಟ್ಟವರು ಬೆಚ್ಚಿಬಿದ್ದರು. ಸಂಗ್ರಾಹಕರ ನಡುವೆ ಹೆಸರು ಹಬ್ಬಿತು, ಬೆಲೆ ಏರಿತು. ಒಂದು ಕಾಲದಲ್ಲಿ ಮಕ್ಕಳ ಮನೆಯವರ ನಡುವೆ ಹಂಚಿಹೋದ ರೆಕಾರ್ಡುಗಳು ದೂರದೂರದ ಅಪರಿಚಿತರ ನಡುವೆ ದುಬಾರಿ ಬೆಲೆಗೆ ಕೈಬದಲಿಸಿದವು. ಆ ಬೆಲೆಯಲ್ಲಿ ನುಡಿಸಿದ ಮಕ್ಕಳಿಗೆ ಕಾಸೂ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಹಳೆಯ ವಸ್ತುಗಳ ವ್ಯಾಪಾರದ ಧರ್ಮವೇ ಹಾಗೆ.

‘ನೌ-ಅಗೇನ್’ ಸಂಸ್ಥೆಯ ಸ್ಥಾಪಕ ಇಯೊಥೆನ್ ಅಲಪಾಟ್, ಸಂಗೀತಲೋಕದಲ್ಲಿ ‘ಈಗನ್’ ಎಂಬ ಹೆಸರಿನಿಂದ ಪರಿಚಿತರು, ಈ ಸಂಗೀತವನ್ನು ಕ್ರಮವಾಗಿ ಸಂಪಾದಿಸಿ ಹೊರತರುವ ಕೆಲಸಕ್ಕೆ ಮುಂದಾದರು. ಬಿಡಿ ರೆಕಾರ್ಡುಗಳಲ್ಲಿ ಚದುರಿದ್ದುದು 2006ರ ಆ ಆಲ್ಬಮಿನಲ್ಲಿ ಒಂದುಗೂಡಿತು. ತೊಂಬತ್ತರ ಹರೆಯದ ಜಾನ್ಸನ್ ಆಗ ಬದುಕಿದ್ದರು. ತಾವು ಬರೆದದ್ದು ತಮ್ಮ ಹೆಸರಿನೊಡನೆಯೇ ಮತ್ತೆ ಅಂಗಡಿಗೆ ಬಂದುದನ್ನು ಕಂಡರು.

ಈ ಪುನರ್ಜನ್ಮದ ಕಥೆಯನ್ನು ಸಂಗೀತದ ಪತ್ರಿಕೆಗಳು ಸಂಗ್ರಾಹಕರ ಸಾಹಸವೆಂಬಂತೆ ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಹುಡುಕಿದವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಆದರೆ ಹುಡುಕಲು ಒಂದು ವಸ್ತು ಇರಬೇಕಲ್ಲ! ಅಂದಿನ ಅಮೆರಿಕದಲ್ಲಿ ಶಾಲಾ ತಂಡಗಳು ಒಂದೆರಡಲ್ಲ. ಅವುಗಳಲ್ಲಿ ಒಳ್ಳೆಯವು ಎಷ್ಟಿದ್ದವೋ, ಅವುಗಳ ನಾದ ಸಭಾಂಗಣದ ಗೋಡೆಗಳಲ್ಲಿಯೇ ಇಂಗಿಹೋಯಿತು. ಕ್ಯಾಶ್ಮೀರ್‌ನದು ಉಳಿಯಿತು, ಏಕೆಂದರೆ ಹೊರಗಿನವರು ಬಂದು ಕೇಳಿಯಾರೆಂದು ಕಾಯದೆ ಒಬ್ಬ ಅಧ್ಯಾಪಕರು ತಮ್ಮ ಮಕ್ಕಳ ಕೆಲಸವನ್ನು ದಾಖಲಿಸಿಟ್ಟರು. ವರ್ಷಕ್ಕೊಂದರಂತೆ ರೆಕಾರ್ಡು ಮಾಡಿಸುವುದು ಆ ಹೊತ್ತಿಗೆ ಹೆಚ್ಚೆಂದರೆ ನೆನಪಿನ ಕಾಣಿಕೆಯಾಗಿ ಕಂಡಿರಬಹುದು. ಕೆಲವರಿಗೆ ದುಂದುವೆಚ್ಚವೆಂದೂ ತೋರಿರಬಹುದು.

ಅಷ್ಟರಲ್ಲಿ ಆ ಶಾಲೆ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ನೋಡಬೇಕು. ಟೆಕ್ಸಸ್‌ನಲ್ಲಿ ಶಾಲೆಗಳನ್ನು ಮಕ್ಕಳ ಪರೀಕ್ಷಾ ಅಂಕಗಳ ಆಧಾರದ ಮೇಲೆ ಅಳೆದು ದರ್ಜೆ ಕೊಡುವ ಪದ್ಧತಿಯಿದೆ. ಕ್ಯಾಶ್ಮೀರ್ ಶಾಲೆ ಸತತವಾಗಿ ಹಲವು ವರ್ಷ ಅದರಲ್ಲಿ ಅನುತ್ತೀರ್ಣವಾಯಿತು. ಪತ್ರಿಕೆಗಳಲ್ಲಿ ಅದರ ಹೆಸರು ಬಂದರೆ ಅದು ಸೋತ ಶಾಲೆಯ ಉದಾಹರಣೆಯಾಗಿ. ಸಂಖ್ಯೆಗಳನ್ನು ಎಣಿಸಿ ಶಾಲೆಯೊಂದು ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಮಾತುಗಳು ಗಡಿನಾಡಿನ ಕನ್ನಡ ಮಾಧ್ಯಮದ ಹೆತ್ತವರ ಕಿವಿಗೆ ಹೊಸತಲ್ಲ. ಆ ಮಾತುಗಳ ನಡುವೆ ಮಕ್ಕಳನ್ನು ದಿನವೂ ಅದೇ ಶಾಲೆಗೆ ಕಳುಹಿಸುವುದು ಎಂತಹದೆಂದು ಕ್ಯಾಶ್ಮೀರ್ ಗಾರ್ಡನ್ಸ್‌ನ ತಾಯಂದಿರಿಗೂ ಗೊತ್ತಿತ್ತು. 2006ರ ಆಲ್ಬಮಿನಿಂದ ಆ ಶಾಲೆಯ ಗಣಿತದ ಅಂಕಗಳು ಏರಲಿಲ್ಲ. ಅಂತಹ ಪವಾಡವನ್ನು ಅದರಿಂದ ನಿರೀಕ್ಷಿಸುವುದೂ ತಪ್ಪು. ದರ್ಜೆಪಟ್ಟಿಯ ಜೊತೆಗೆ ಆ ಶಾಲೆಯ ಬಗೆಗೆ ಇನ್ನೊಂದು ಸಾಕ್ಷ್ಯ ಲೋಕದ ಮುಂದೆ ಬಂತು, ಅಷ್ಟೆ. ಶಾಲೆ ಕೊನೆಗೂ ರಾಜ್ಯದ ಮಾಪನದಲ್ಲಿ ಉತ್ತೀರ್ಣವಾದದ್ದು 2019ರಲ್ಲಿ.

ಹಳೆವಿದ್ಯಾರ್ಥಿಗಳಿಗೆ ಆಲ್ಬಮಿನ ಸುದ್ದಿ ತಲುಪಿದಾಗ ಅವರಲ್ಲಿ ಕೆಲವರು ಸೇರಿ ಒಂದು ನಿರ್ಧಾರ ಮಾಡಿದರು: ಪ್ರೊಫ್ ಕಣ್ಣಮುಂದೆ ಇರುವಾಗಲೇ ಇನ್ನೊಮ್ಮೆ ನುಡಿಸಬೇಕು. ಮೂವತ್ತು ವರ್ಷಗಳಿಂದ ವಾದ್ಯ ಮುಟ್ಟದವರೂ ಬಂದರು. ಊದುವ ವಾದ್ಯವೆಂದರೆ ಬಿಟ್ಟ ಸೈಕಲ್ಲನ್ನು ಮತ್ತೆ ಹತ್ತಿದಂತಲ್ಲ. ತುಟಿಯ ಸ್ನಾಯುಗಳು ಕೆಲವೇ ವಾರಗಳಲ್ಲಿ ಸಡಿಲಗೊಳ್ಳುತ್ತವೆ, ಮತ್ತೆ ಕಸುವು ಬರಲು ದಿನವೂ ಸಾಧನೆ ಬೇಕು. ಶ್ವಾಸ ಸಾಲದು, ಕಣ್ಣಿಗೆ ಕನ್ನಡಕವಿಲ್ಲದೆ ಸ್ವರಲಿಪಿ ಕಾಣದು. ಅಜ್ಜ ಅಜ್ಜಿಯರಾದವರು ಶಾಲೆಯ ಮಕ್ಕಳಂತೆ ಸಾಲಾಗಿ ಕುಳಿತು, ತಪ್ಪಿ, ತಮ್ಮ ತಮ್ಮಲ್ಲಿಯೇ ಬೈದುಕೊಂಡು, ಮತ್ತೆ ಮೊದಲಿನಿಂದ ಆರಂಭಿಸಿದರು. ನಿರ್ದೇಶಕ ಮಾರ್ಕ್ ಲ್ಯಾಂಡ್ಸ್‌ಮನ್ ಅವರು ಇದನ್ನೆಲ್ಲ ಚಿತ್ರೀಕರಿಸಿ ‘ಥಂಡರ್ ಸೋಲ್’ ಎಂಬ ಸಾಕ್ಷ್ಯಚಿತ್ರ ಮಾಡಿದ್ದಾರೆ. 2010ರಲ್ಲಿ ಚಿತ್ರೋತ್ಸವಗಳಲ್ಲಿ ಪ್ರೇಕ್ಷಕರ ಪ್ರಶಸ್ತಿಗಳನ್ನು ಪಡೆದ ಈ ಚಿತ್ರವನ್ನು ಮರುವರ್ಷ ಚಿತ್ರಮಂದಿರಗಳಿಗೆ ತರುವಲ್ಲಿ ಟೆಕ್ಸಸ್‌ನವರೇ ಆದ ಪ್ರಖ್ಯಾತ ನಟ ಜೇಮೀ ಫಾಕ್ಸ್ ಕೈಜೋಡಿಸಿದರು. ಚಿತ್ರದಲ್ಲಿ ಅಲ್ಲಲ್ಲಿ ಕಣ್ಣೀರಿಗೆ ಬೇಕೆಂದೇ ಒತ್ತು ಕೊಟ್ಟಂತೆ ತೋರುತ್ತದೆ. ಆದರೆ ಅಭ್ಯಾಸದ ಕೋಣೆಯ ದೃಶ್ಯಗಳು ನಿಜವಾದ ಚಿನ್ನ. ಮಕ್ಕಳನ್ನು ಯಾವುದೇ ವಾದ್ಯಕ್ಕೆ ಸೇರಿಸಿರುವ ಹೆತ್ತವರು ಆ ಭಾಗವನ್ನಾದರೂ ನೋಡಬೇಕು.

2008ರ ಫೆಬ್ರವರಿಯ ಆರಂಭದಲ್ಲಿ ಆ ಪುನರ್ಮಿಲನದ ಕಾರ್ಯಕ್ರಮ ನಡೆಯಿತು. ಜಾನ್ಸನ್ನರಿಗೆ 92 ವರ್ಷ, ಆರೋಗ್ಯ ಕೆಟ್ಟಿತ್ತು. ಆದರೂ ಬಂದು ಕುಳಿತರು. ಒಂದು ಕಾಲದಲ್ಲಿ ಅವರ ಕೈಸನ್ನೆಗೆ ಎದ್ದುನಿಲ್ಲುತ್ತಿದ್ದವರು ನರೆಗೂದಲಿನ ತಲೆಗಳನ್ನು ಆಡಿಸುತ್ತ ಅವರೆದುರು ನುಡಿಸಿದರು. ಮೊದಲ ಎಣಿಕೆ ಸರಿಯಾದ ಜಾಗದಲ್ಲಿಯೇ ಬಿತ್ತು. ಅದಾದ ಕೆಲವೇ ದಿನಗಳೊಳಗೆ, ಫೆಬ್ರವರಿ 3ರಂದು, ಅವರು ತೀರಿಕೊಂಡರು.

ಅವರು ಬರೆದ ‘ಕ್ಯಾಶ್ಮೀರ್’ 2017ರಲ್ಲಿ ‘ಬೇಬಿ ಡ್ರೈವರ್’ ಎಂಬ ಹಾಲಿವುಡ್ ಚಿತ್ರದ ಸಂಗೀತಸಂಪುಟದಲ್ಲಿಯೂ ಸೇರಿ ಬೇರೆ ಬೇರೆ ದೇಶಗಳ ಚಿತ್ರಮಂದಿರಗಳನ್ನು ಸುತ್ತಿತು. ಪುನರ್ಮಿಲನಕ್ಕೆಂದು ಒಮ್ಮೆ ಕೂಡಿದ ಹಳೆವಿದ್ಯಾರ್ಥಿಗಳಾದರೋ ವಾದ್ಯಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಲಿಲ್ಲ. ಕ್ಯಾಶ್ಮೀರ್ ರಿಯೂನಿಯನ್ ಸ್ಟೇಜ್ ಬ್ಯಾಂಡ್ ಎಂಬ ಹೆಸರಿನಲ್ಲಿ ಆ ಬಳಿಕವೂ ಅವರು ವೇದಿಕೆ ಹತ್ತಿದರು.